ಮೂಲದಲ್ಲಿ ಇಲ್ಲದ ಮಾತು

ಬಸ್ಸು ಜಾವಗಲ್ ದಾಟುವ ಹೊತ್ತಿಗೆ ಪಾರ್ಥಸಾರಥಿ ಮೇಷ್ಟ್ರಿಗೆ ಇಡೀ ಕನ್ನಡ ಭಾಷೆಯ ಮೇಲೇ ಸಿಟ್ಟು ಬಂದಿತ್ತು. ಇಂಗ್ಲಿಷಿನ ‘ಡಿಗ್ನಿಟಿ’ ಎಂಬ ಒಂದೇ ಒಂದು ಪದಕ್ಕಾಗಿ ಮೂರು ವಾರ ನಿಘಂಟುಗಳನ್ನು ತಿರುವಿಹಾಕಿ, ಕೊನೆಗೆ ‘ಘನತೆ’ ಎಂದು ಬರೆದು ಕೈತೊಳೆದುಕೊಂಡಿದ್ದರು. ಬರೆದದ್ದು ಈಗ ತೊಡೆಯ ಮೇಲಿನ ಬ್ಯಾಗಿನಲ್ಲಿ ಕೂತು ಅವರ ನೆಮ್ಮದಿ ಕೆಡಿಸುತ್ತಿತ್ತು. ಬಸ್ತಿಹಳ್ಳಿಯ ಹೊರಗೆ ಕಥೋಲಿಕ ಸನ್ಯಾಸಿನಿಯರು ನಡೆಸುವ ಆಶ್ರಮಕ್ಕೆ ಈ ವರ್ಷ ಇಪ್ಪತ್ತೈದು ತುಂಬುತ್ತದೆ. ಅಲ್ಲಿಯ ಹಿರಿಯರಾದ ಸಿಸ್ಟರ್ ಸೆವೆರಿನ್, ಮನುಷ್ಯನೆಂದರೆ ಏನು ಎಂಬ ಬಗ್ಗೆ ತಮ್ಮ ಧರ್ಮಸಭೆ ಹೇಳುವುದನ್ನು ಇಂಗ್ಲಿಷಿನಲ್ಲಿ ಹದಿನಾರು ಪುಟ ಬರೆದು, ಕನ್ನಡ ಮಾಡಿಕೊಡಿ ಎಂದು ಕೊಟ್ಟಿದ್ದರು. ಅಯ್ಯಂಗಾರರ ಮನೆಯವನಾಗಿ ಇಂಥದ್ದನ್ನು ಒಪ್ಪಿಕೊಂಡೆನಲ್ಲ ಎಂದು ಮೇಷ್ಟ್ರು ತಮ್ಮ ವಿಶಾಲ ಮನಸ್ಸಿಗೆ ತಾವೇ ತಲೆದೂಗಿದ್ದರು. ಕೂತು ಬರೆಯತೊಡಗಿದಾಗ ಗೊತ್ತಾಯಿತು, ನಮ್ಮಲ್ಲಿ ಆ ಅರ್ಥದ ಪದಗಳಿಗೆಲ್ಲ ಒಂದೇ ರೋಗ: ಎಲ್ಲವೂ ಹೋಗಿಬಿಡುವಂಥವು. ಮಾನ ಹೋಗುತ್ತದೆ. ಮರ್ಯಾದೆ ಹೋಗುತ್ತದೆ. ಗೌರವಕ್ಕೆ ಧಕ್ಕೆ ಬರುತ್ತದೆ, ಘನತೆಗೆ ಕುಂದು ಬರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಮ್ಮ ದಿನಕ್ಕೆರಡು ಸಲ ಹೇಳುತ್ತಿದ್ದಳು. ಸಿಸ್ಟರ್ ಬರೆದದ್ದೋ, ಯಾವ ಮನುಷ್ಯನೂ ಕೊಟ್ಟಿರದ, ಯಾರೂ ಕಿತ್ತುಕೊಳ್ಳಲಾಗದ, ತಾನಾಗಿ ಎಸೆದರೂ ಹೋಗದ ಒಂದರ ಬಗ್ಗೆ. ಅಂಥದ್ದೊಂದು ಇದೆಯೆಂದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೆಸರಿಡಲು ಹೆದರಿದರೋ.

ಮರ್ಯಾದೆ ಎಂಬ ಪದವನ್ನು ಅವರು ಮೊದಲ ದಿನವೇ ಬಿಟ್ಟಿದ್ದರು. ಅಪ್ಪ ಬೇಲೂರಿನ ಹಿಂದಿನ ಬೀದಿಯೊಂದರ ಸಣ್ಣ ಗುಡಿಯಲ್ಲಿ ಪರಿಚಾರಕರಾಗಿದ್ದರು. ಅಲ್ಲಿ ಮರ್ಯಾದೆಯೆಂದರೆ ಮನಸ್ಸಿನ ಗುಣವಲ್ಲ, ಒಂದು ಸಾಲು: ತೀರ್ಥ ಮೊದಲು ಯಾರ ಕೈಗೆ, ಆಮೇಲೆ ಯಾರಿಗೆ, ಹೂವು ಯಾರ ಕೊರಳಿಗೆ, ಯಾರ ಕೈಗೆ ಮಾತ್ರ. ಆ ಸಾಲಿನಲ್ಲಿ ಒಂದು ದಿನ ಒಂಬತ್ತು ವರ್ಷದ ತಂಗಿ ಯದುಗಿರಿ ಎಲ್ಲರ ಕಾಲ ಸಂದಿಯಿಂದ ನುಗ್ಗಿ ಎರಡೂ ಕೈ ಚಾಚಿ ಮುಂದೆ ನಿಂತುಬಿಟ್ಟಿದ್ದಳು. ಬುದ್ಧಿ ಮೂರು ವರ್ಷದ್ದಾದರೂ ಕೈ ಚಾಚಿದ್ದು ಮಾತ್ರ ಶುದ್ಧವಾಗಿ, ಬಲಗೈ ಕೆಳಗೆ ಎಡಗೈಯಿಟ್ಟು, ಅಮ್ಮ ಕಲಿಸಿದ ಹಾಗೆ. ತೀರ್ಥದ ಉದ್ಧರಣೆ ಅಪ್ಪನ ಕೈಯಲ್ಲೇ ನಿಂತಿತು. ಯಾರೋ ದೊಡ್ಡವರು ಗಂಟಲು ಸರಿಮಾಡಿಕೊಂಡರು. ಅಪ್ಪ ಮಗಳ ಕೈ ನೋಡಲಿಲ್ಲ, ಅವಳ ತಲೆಯ ಮೇಲಿಂದ ಹಿಂದಿನವರ ಕೈಗೆ ತೀರ್ಥ ಹಾಕಿದರು. ಹಾಕುವಾಗ ಎರಡು ಹನಿ ಅವಳ ನೆತ್ತಿಗೆ ಬಿತ್ತು. ಅವಳು ನಕ್ಕಳು. ಹನ್ನೆರಡು ವರ್ಷದ ಪಾರ್ಥಸಾರಥಿ ಕಂಬದ ಹಿಂದೆ ನಿಂತು, ಇವಳು ನನ್ನ ತಂಗಿಯೆಂದು ಯಾರಿಗೂ ನೆನಪಾಗದಿರಲಿ ಎಂದು ಅದೇ ದೇವರಿಗೆ ಬೇಡಿಕೊಂಡ. ಅವತ್ತಿನಿಂದ ಅವಳನ್ನು ಗುಡಿಗೆ ಕರೆದೊಯ್ಯಲಿಲ್ಲ. ಅದೇ ವರ್ಷ ಹಳೇಬೀಡಿಗೆ ಹೋದಾಗ, ಗೋಡೆಯ ಮೇಲಿನ ತಲೆಯಿಲ್ಲದ ಮೂರ್ತಿಯೊಂದಕ್ಕೆ ಯದುಗಿರಿ ಕೈ ಮುಗಿದಳು. ಅಪ್ಪ ಅವಳ ಕೈ ಬಿಡಿಸಿ, ಭಿನ್ನವಾದದ್ದಕ್ಕೆ ಮುಗೀಬಾರದು ಕಣೇ ಎಂದರು. ಕಿಟಕಿಯಾಚೆ ತೆಂಗಿನ ತೋಟಗಳು ಹಿಂದಕ್ಕೆ ಸರಿಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲ ಸರಿಸಿಕೊಂಡು, ಹಳೇಬೀಡಿಗೆ ಇನ್ನೆಷ್ಟು ಹೊತ್ತು ಎಂದು ಕೇಳಿದಳು. ಮೇಷ್ಟ್ರು ಗಡಿಯಾರ ನೋಡದೆ ಅರ್ಧ ಗಂಟೆ ಎಂದರು.

ಜೇಬಿನಲ್ಲಿ ಫೋನು ಕುಣಿಯಿತು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪ. ಬೇಲೂರಿನ ಅಪ್ಪನ ಮನೆಯನ್ನು ಕೊಂಡು ಲಾಡ್ಜ್ ಕಟ್ಟಬೇಕೆಂದು ಹೊರಟವರು.

“ಸಾರ್, ಸೋಮವಾರ ದಿನ ಚೆನ್ನಾಗೈತಂತೆ. ರಿಜಿಸ್ಟ್ರೇಶನ್ ಇಟ್ಕಳಾಣ್ವಾ? ಕಾಗ್ದ ಎಲ್ಲಾ ನಿಮ್ಮೊಬ್ರ ಹೆಸ್ರಲ್ಲೇ ಐತಲ್ಲ, ತಕರಾರೇನಿಲ್ಲ ತಾನೆ?”

“ಏನೂ ಇಲ್ಲ. ಸಂಜೆ ಹೇಳ್ತೀನಿ ಜಯದೇವಪ್ಪನೋರೇ, ಬಸ್ಸಲ್ಲಿದ್ದೀನಿ.”

ತಕರಾರಿಲ್ಲ. ತಕರಾರು ಮಾಡಬಲ್ಲವರು ಯಾರಿದ್ದಾರೆ? ಅಪ್ಪ ಹೋದ ಮೇಲೆ ಮನೆ ಅಣ್ಣ ತಂಗಿ ಇಬ್ಬರ ಹೆಸರಿಗೆ ಬಂದಿತ್ತು. ಆರು ವರ್ಷದ ಹಿಂದೆ, ಮೇಷ್ಟ್ರ ಹೆಂಡತಿ ತೀರಿಕೊಂಡ ತಿಂಗಳಲ್ಲಿ, ಯದುಗಿರಿ ತನ್ನ ಭಾಗದ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಡುವ ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಒತ್ತಿದ್ದಳು ಎನ್ನುವುದು ಕಾಗದದ ಮಾತು. ಆಟೋದಲ್ಲಿ ಮೇಷ್ಟ್ರು ಅವಳಿಗೆ ಪಾಠ ಹೇಳಿಕೊಟ್ಟಿದ್ದರು: ಕೇಳಿದ್ರೆ ತಲೆ ಆಡ್ಸು, ನಗು, ಆಮೇಲೆ ಮೈಸೂರು ಪಾಕು. ನೋಂದಣಿ ಕಚೇರಿಯಲ್ಲಿ ಕನ್ನಡಕದ ಮೇಲಿಂದ ನೋಡಿದ ಅಧಿಕಾರಿ, ಇವರಿಗೆ ವಿಷಯ ತಿಳಿದಿದೆಯಾ ಎಂದದ್ದಕ್ಕೆ ಮೇಷ್ಟ್ರು, ಅವಳಿಗೆ ಎಲ್ಲಾ ಗೊತ್ತಾಗುತ್ತೆ ಸಾರ್, ಸ್ವಲ್ಪ ಮಾತು ಕಮ್ಮಿ ಅಷ್ಟೆ ಎಂದರು. ಅವಳು ತಲೆ ಆಡಿಸಿದಳು, ನಕ್ಕಳು. ಎಷ್ಟು ಚೆನ್ನಾಗಿ ನಕ್ಕಳೆಂದರೆ ಅಧಿಕಾರಿಯೂ ನಕ್ಕರು. ದಾರಿಯುದ್ದಕ್ಕೂ ಮಸಿ ಮೆತ್ತಿದ ಎಡ ಹೆಬ್ಬೆರಳನ್ನು ಎತ್ತಿ ಹಿಡಿದು, ‘ಅಣ್ಣಾ ತೊಳಿ, ತೊಳಿ’ ಎನ್ನುತ್ತಿದ್ದಳು. ಮೇಷ್ಟ್ರು ಕರ್ಚೀಫಿನಿಂದ ಒರೆಸಿದರು, ಹೋಗಲಿಲ್ಲ. ಅದಾದ ಹನ್ನೊಂದನೆಯ ದಿನ ಅವಳನ್ನು ಬಸ್ತಿಹಳ್ಳಿಯ ಆಶ್ರಮಕ್ಕೆ ಸೇರಿಸುವಾಗ ಅರ್ಜಿಯಲ್ಲಿ ಅವರೇ, ತಮ್ಮ ಮುತ್ತಿನಂಥ ಅಕ್ಷರದಲ್ಲಿ, ‘ಈಕೆಗೆ ಏನೂ ತಿಳಿಯುವುದಿಲ್ಲ’ ಎಂದು ಬರೆದರು. ಹನ್ನೊಂದು ದಿನದ ಅಂತರದಲ್ಲಿ ಎಲ್ಲಾ ಗೊತ್ತಿದ್ದವಳಿಗೆ ಏನೂ ಗೊತ್ತಿಲ್ಲದಂತಾಯಿತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಅದೂ ಮೂವತ್ತೊಂದು ವರ್ಷ ಹುಡುಗರಿಗೆ ಮೂಲಭೂತ ಹಕ್ಕುಗಳ ಪುರಾಣ ಹೇಳಿದ ಬಾಯಿ.

ಹಾಗೆಂದು ಆ ಪುರಾಣ ಸುಳ್ಳಾಗಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೇಷ್ಟ್ರ ಬೆನ್ನು ನೆಟ್ಟಗಾಗುತ್ತದೆ. ರಾಜನ ದಯೆ ಬೇಡ, ಗುರುವಿನ ಅಪ್ಪಣೆ ಬೇಡ, ಹುಟ್ಟಿದ ಮನೆ ಯಾವುದೆಂದು ಹೇಳಬೇಕಾಗಿಲ್ಲ, ಎದ್ದು ನಿಂತು ‘ಇದು ನನ್ನದು, ಕೊಡಿ’ ಎನ್ನಬಹುದಾದ ಮಾತೊಂದನ್ನು ಮನುಷ್ಯ ಮನುಷ್ಯನಿಗಾಗಿ ಕಂಡುಹಿಡಿದನಲ್ಲ, ಅದಕ್ಕಿಂತ ದೊಡ್ಡ ಪವಾಡ ಯಾವುದಿದೆ ಎಂದು ಅವರು ಕ್ಲಾಸಿನಲ್ಲಿ ಕೇಳುತ್ತಿದ್ದರು. ಕೇಳಿ ಸುಮ್ಮನಾದವರೂ ಅಲ್ಲ. ಭೀಮರಾಜನೆಂಬ ವಿದ್ಯಾರ್ಥಿಗೆ ಜಾತಿ ನೋಡಿ ಕೋಣೆ ಕೊಡದ ಒಬ್ಬ ಹಾಸ್ಟೆಲ್ ವಾರ್ಡನ್ನಿನ ಎದುರು ಕಾನೂನಿನ ಪುಸ್ತಕ ಬಿಚ್ಚಿ ಹಿಡಿದು ಎರಡು ದಿನ ಬಾಗಿಲಲ್ಲೇ ಕೂತಿದ್ದರು. ಮೂರನೆಯ ದಿನ ಕೋಣೆ ಸಿಕ್ಕಿತು. ಭೀಮರಾಜ ಈಗ ಅರಸೀಕೆರೆಯಲ್ಲಿ ವಕೀಲ, ದಾರಿಯಲ್ಲಿ ಸಿಕ್ಕರೆ ಬೈಕು ನಿಲ್ಲಿಸಿ ಇಳಿದೇ ಮಾತಾಡಿಸುತ್ತಾನೆ. ಪ್ರತಿ ಸಲವೂ ಮೇಷ್ಟ್ರಿಗೆ ಖುಷಿಯಾಗುತ್ತದೆ. ಆರು ವರ್ಷದಿಂದ ಆ ಖುಷಿಯಲ್ಲಿ ಒಂದು ಹಿಡಿ ಮರಳು ಸೇರಿಕೊಂಡಿದೆ.

ಆಶ್ರಮದ ಗೇಟು ತೆರೆದವಳು ಶಿವಗಂಗಮ್ಮ. ಬಸ್ತಿಹಳ್ಳಿಯವಳೇ, ಶುರುವಿನಿಂದಲೂ ಇಲ್ಲಿ ಇವರನ್ನೆಲ್ಲ ನೋಡಿಕೊಳ್ಳುತ್ತಿರುವವಳು.

“ಬನ್ನಿ ಸಾರ್. ಬಿಸ್ಲಲ್ ಬಂದೀರಿ, ನೀರು ತತ್ತೀನಿ ಕುತ್ಕಳಿ. ಅಮ್ಮಾರು ಆಪೀಸಲ್ಲವ್ರೆ.”

ಅಂಗಳದ ಹೊಂಗೆಮರದ ಕೆಳಗೆ ಏಳೆಂಟು ಹೆಂಗಸರು ತೆಂಗಿನ ಗರಿ ಸೀಳಿ ಪೊರಕೆಕಡ್ಡಿ ಮಾಡುತ್ತಿದ್ದರು. ಯದುಗಿರಿ ತುದಿಯಲ್ಲಿದ್ದಳು. ಐವತ್ತೆಂಟು ವರ್ಷ, ತಲೆ ಪೂರ್ತಿ ಬೆಳ್ಳಗಾಗಿದೆ. ಸಣ್ಣ ಚಾಕುವಿನಿಂದ ಗರಿಯ ಎಲೆಯನ್ನು ಸರ್ರನೆ ಎಳೆದು ಕಡ್ಡಿಯನ್ನು ಉದ್ದಕ್ಕೆ ತಕ್ಕ ರಾಶಿಗೆ ಹಾಕುತ್ತಿದ್ದಳು, ನೋಡಿದರೆ ನೋಡುತ್ತಲೇ ಇರಬೇಕು ಅನ್ನುವಷ್ಟು ಚುರುಕಾಗಿ. ಅಣ್ಣನನ್ನು ಕಂಡದ್ದೇ ಚಾಕು ಕೆಳಗಿಟ್ಟಳು, ನಕ್ಕಳು, ಎಡಗೈ ಮುಷ್ಟಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ಈ ಮುಷ್ಟಿ ಮೇಷ್ಟ್ರಿಗೆ ಹೊಸದಲ್ಲ. ಆಶ್ರಮಕ್ಕೆ ಬಂದ ಮೇಲೆ ಶುರುವಾದ ಕಾಯಿಲೆ, ನರಗಳದ್ದಿರಬೇಕು ಎಂದುಕೊಂಡು, ಒಮ್ಮೆ ಹಾಸನದ ಡಾಕ್ಟರಿಗೆ ತೋರಿಸಬೇಕೆಂದು ಪ್ರತಿ ಸಲ ಅಂದುಕೊಂಡು, ಬಸ್ಸು ಹತ್ತಿದ ಮೇಲೆ ಮರೆಯುತ್ತಿದ್ದರು.

“ಚೆನ್ನಾಗಿದ್ದೀಯಾ?”

“ಅಣ್ಣಾ,” ಎಂದಳು. ಅಷ್ಟೇ. ಮುಷ್ಟಿಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

ಆಫೀಸಿನ ಬಾಗಿಲಲ್ಲಿ ಸಿಸ್ಟರ್ ಸೆವೆರಿನ್, ಅಲ್ಲೇ ಸುತ್ತಾಡುತ್ತಿದ್ದ ಒಬ್ಬ ಮುದುಕಿಗೆ ದಾರಿ ಬಿಟ್ಟು ನಿಂತು, ‘ಬನ್ನಿ, ನೀವು ಮೊದಲು ಹೋಗಿ’ ಎನ್ನುತ್ತಿದ್ದರು. ಆ ಮುದುಕಿಗೆ ತನ್ನ ಹೆಸರೂ ನೆನಪಿಲ್ಲ, ಉಟ್ಟ ಸೀರೆಯ ಮೇಲೆ ಗಮನವಿಲ್ಲ. ಮಂಗಳೂರು ಕಡೆಯ ಸಿಸ್ಟರಿಗೆ ಏಕವಚನ ಬರುವುದೇ ಇಲ್ಲ ಎಂದು ಮೇಷ್ಟ್ರು ಮೊದಮೊದಲು ಒಳಗೊಳಗೇ ನಕ್ಕಿದ್ದುಂಟು. ಪುಸ್ತಕ ಓದಿ ಕಲಿತ ಕನ್ನಡ, ಬೆಕ್ಕಿಗೂ ‘ಹಾಲು ಕುಡಿಯಿರಿ’ ಅಂದಾರು ಎಂದು ಅರಸೀಕೆರೆಯಲ್ಲಿ ಗೆಳೆಯರಿಗೆ ಹೇಳಿ ನಗಿಸಿದ್ದರು. ಆಮೇಲೆ ಒಂದು ದಿನ ಫೋನಿನಲ್ಲಿ ತಮ್ಮನ ಮಗನನ್ನು ಸಿಸ್ಟರ್ ಗದರುವುದು ಕೇಳಿಸಿತು, ಒಂದು ತಪ್ಪಿಲ್ಲದ ಏಕವಚನದಲ್ಲಿ. ಅಂದರೆ ಬರುತ್ತದೆ. ಇಲ್ಲಿ ಬಳಸುವುದಿಲ್ಲ. ಬುದ್ಧಿ ಇದ್ದವರಿಗೆ, ಹಣ ಇದ್ದವರಿಗೆ, ಹಿರಿಯರಿಗೆ ನಾವು ಬಹುವಚನ ಕೊಡುತ್ತೇವೆ. ಈ ಹೆಂಗಸು ಕೊಡುವುದಿಲ್ಲ, ಅದು ಎದುರಿನವರ ಬಳಿ ಮೊದಲೇ ಇದೆ ಎಂದುಕೊಂಡು ಸುಮ್ಮನೆ ಒಪ್ಪಿಸುತ್ತಾರೆ. ಅದು ಹೊಳೆದ ದಿನ ಮೇಷ್ಟ್ರು ಮನೆಗೆ ಹೋಗಿ ಊಟ ಮಾಡಲಾರದೆ ಬಹಳ ಹೊತ್ತು ಕೂತಿದ್ದರು. ಯಾರ ಮೇಲೂ ಅಷ್ಟು ಮೆಚ್ಚುಗೆ ಅವರಿಗೆ ಹುಟ್ಟಿದ್ದಿಲ್ಲ, ತಮ್ಮ ಮೇಲಂತೂ ಇಲ್ಲವೇ ಇಲ್ಲ.

ಸಿಸ್ಟರ್ ಹದಿನಾರು ಪುಟವನ್ನೂ ಬೆರಳಿಟ್ಟು ಓದಿದರು. ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಪೆನ್ಸಿಲು. ಮೇಷ್ಟ್ರು ಪರೀಕ್ಷೆ ಬರೆದ ಹುಡುಗನ ಹಾಗೆ ಎದುರಿಗೆ ಕೂತು ಗೋಡೆಯ ಮೇಲಿನ ಶಿಲುಬೆ ನೋಡುತ್ತಿದ್ದರು. ಅವಮಾನ ಮಾಡಿ, ಬಟ್ಟೆ ಕಿತ್ತು, ಊರ ಹೊರಗೆ ಕೊಂದ ಒಬ್ಬನನ್ನು ಇವರು ಆ ಸ್ಥಿತಿಯಲ್ಲೇ ಗೋಡೆಗೆ ಹಾಕಿಕೊಂಡು ಕೈ ಮುಗಿಯುತ್ತಾರೆ. ಅಪ್ಪ ನೋಡಿದ್ದರೆ ಭಿನ್ನ ಎನ್ನುತ್ತಿದ್ದರು. ಮಾನ ಹೋದಮೇಲೂ ಉಳಿಯುವುದೊಂದಿದೆ ಎಂದು ಇವರಿಗೆ ಗೊತ್ತಾದದ್ದು ಇಲ್ಲಿಂದಲೇ ಇರಬೇಕು. ಓದಿ ಮುಗಿಸಿ ಮತ್ತೆ ತಿರುವಿದಾಗ ಮೂರನೆಯ ಪುಟದಲ್ಲಿ ಪೆನ್ಸಿಲು ನಿಂತಿತು.

“ಸರ್, ಇಲ್ಲಿ ಈ ‘ಹಕ್ಕು’ ಎಲ್ಲಿಂದ ಬಂತು? ಮೂಲದಲ್ಲಿ ಇಲ್ಲವಲ್ಲ.”

ಮೇಷ್ಟ್ರು ಬಗ್ಗಿ ನೋಡಿದರು. ‘ಪ್ರತಿಯೊಬ್ಬ ಮನುಷ್ಯನಿಗೂ ಘನತೆಯ ಹಕ್ಕುಂಟು’ ಎಂದು ಬರೆದಿದ್ದರು. ಇಂಗ್ಲಿಷಿನ ಹಾಳೆಯಲ್ಲಿ ಇದ್ದದ್ದು ಇಷ್ಟೆ: ಪ್ರತಿಯೊಬ್ಬ ಮನುಷ್ಯನಿಗೂ ಘನತೆಯುಂಟು. ಹಕ್ಕು ಎಂಬ ಮಾತು ಅಲ್ಲಿ ಇರಲೇ ಇಲ್ಲ. ಮೂರು ವಾರ ಒಂದು ಪದದ ಬೆನ್ನು ಹತ್ತಿದವರಿಗೆ, ಅದರ ಪಕ್ಕದಲ್ಲಿ ಕರೆಯದೆ ಬಂದು ಕೂತ ಇನ್ನೊಂದು ಪದ ಕಂಡೇ ಇರಲಿಲ್ಲ. ಕೈಯ ಅಭ್ಯಾಸ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದ ಕೈ ತಾನಾಗಿ ಬರೆದುಬಿಟ್ಟಿತ್ತು. ಕಿವಿ ಬಿಸಿಯಾಯಿತು. ಬಿಸಿಯಾದಾಗ ಮೇಷ್ಟ್ರು ವಾದಕ್ಕೆ ಇಳಿಯುವವರು.

“ಇರ್ಲಿ ಬಿಡಿ ಸಿಸ್ಟರ್, ಅದಿದ್ರೇ ಅರ್ಥ ಗಟ್ಟಿ. ಹಕ್ಕಿಲ್ಲದ ಘನತೆ ಅಂದ್ರೆ ಬರೀ ಕರುಣೆ. ಕರುಣೆ ಯಜಮಾನನ ಜೇಬಲ್ಲಿರುತ್ತೆ, ಮನಸ್ಸು ಬಂದ್ರೆ ತೆಗೀತಾನೆ. ಹಕ್ಕು ಹಾಗಲ್ಲ, ಅವನಿಗೆ ಇಷ್ಟ ಇಲ್ದಿದ್ರೂ ಕೊಡ್ಲೇಬೇಕು. ತಪ್ಪು ತಿಳ್ಕೋಬೇಡಿ, ಇನ್ನೂರು ವರ್ಷದ ಹಿಂದೆ ಮನಸ್ಸಾಕ್ಷಿಯ ಸ್ವಾತಂತ್ರ್ಯ ಅನ್ನೋದನ್ನ ನಿಮ್ಮ ರೋಮಿನ ಪೋಪ್ ಗುರುಗಳೇ ಹುಚ್ಚು ಅಂದಿದ್ರು.”

“ಅಂದಿದ್ದರು, ಹೌದು,” ಎಂದು ಸಿಸ್ಟರ್ ನಕ್ಕರು. “ಕಲಿಯಲಿಕ್ಕೆ ನಮಗೆ ತುಂಬ ಸಮಯ ಹಿಡಿಯಿತು. ಬಾಗಿಲು ತಟ್ಟಿ ಕೇಳುವುದನ್ನು ನಾವು ಹಕ್ಕಿನ ಮಾತಾಡುವ ನಿಮ್ಮಂಥವರಿಂದಲೇ ಕಲಿತದ್ದು ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಸರ್, ನಮ್ಮ ಅಂಗಳದಲ್ಲಿ ಕೂತವರು ಯಾವ ಬಾಗಿಲು ತಟ್ಟಿಯಾರು? ಎಂತ ಕೇಳಬೇಕು ಅಂತಲೇ ಗೊತ್ತಿಲ್ಲದವರು. ಹಕ್ಕು ಮನೆಗೆ ಬಾಗಿಲು ಇದ್ದ ಹಾಗೆ. ಬಾಗಿಲು ಬೇಡ ಅಂತ ನಾನು ಹೇಳುವುದಿಲ್ಲ ಮಾರಾಯ್ರೇ. ನೀವು ಪಾಯ ಹಾಕುವ ಜಾಗದಲ್ಲಿ ಬಾಗಿಲು ಇಟ್ಟಿದ್ದೀರಿ, ಅಷ್ಟೆ.”

ಸಿಸ್ಟರ್ ಪೆನ್ಸಿಲನ್ನು ಆ ಪದದ ಕೆಳಗೆ ಮೆಲ್ಲಗೆ ಎಳೆದು ಹೇಳಿದರು: “ಮತ್ತೆ, ಹಕ್ಕನ್ನು ಬಿಟ್ಟುಕೊಡಲಿಕ್ಕೆ ಆಗುತ್ತದಲ್ಲ? ಕಾಗದ ಮಾಡಿ, ಸಹಿ ಹಾಕಿ? ಇದು ಹಾಗಲ್ಲ. ಇದನ್ನು ಬಿಟ್ಟುಕೊಡಲಿಕ್ಕೂ ಆಗುವುದಿಲ್ಲ, ಬರೆಸಿಕೊಳ್ಳಲಿಕ್ಕೂ ಆಗುವುದಿಲ್ಲ.”

ಅವರಿಗೆ ಏನೂ ಗೊತ್ತಿಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಬೇಲೂರಿನ ಮನೆಯ ಸುದ್ದಿ ಈ ಆಶ್ರಮದ ಯಾರಿಗೂ ಗೊತ್ತಿಲ್ಲ. ಆದರೂ ಶಿವಗಂಗಮ್ಮ ತಂದಿಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದರು. ಸಿಸ್ಟರ್ ಹಾಳೆ ಮಡಿಸಿ ಅವರ ಕೈಗೆ ಕೊಟ್ಟು ಬೇರೆ ವಿಷಯ ತೆಗೆದರು. ಪುಸ್ತಕದ ಮುಖಪುಟಕ್ಕೆ ಒಂದು ಫೋಟೋ ಬೇಕಂತೆ, ಯದುಗಿರಿಯವರು ಗರಿ ಸೀಳುವುದು ತುಂಬ ಚಂದ ಬಂದಿದೆಯಂತೆ. ಮೇಷ್ಟ್ರಿಗೆ ಎಷ್ಟು ಹಗುರಾಯಿತೆಂದರೆ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು.

“ಧಾರಾಳವಾಗಿ ಹಾಕಿ ಸಿಸ್ಟರ್. ಒಪ್ಪಿಗೆ ಪತ್ರ ಇದ್ರೆ ಕೊಡಿ, ಸಹಿ ಮಾಡ್ತೀನಿ.”

“ನಿಮ್ಮ ಸಹಿ ಬೇಡ ಸರ್. ಅವರನ್ನು ಕೇಳಬೇಕಲ್ಲ, ಅದಕ್ಕೆ ನಿಮ್ಮನ್ನೂ ಕರೆದದ್ದು.”

“ಅವಳಿಗೇನು ಗೊತ್ತಾಗುತ್ತೆ?”

ಬಾಯಿಂದ ಬಿದ್ದಮೇಲೆ ಮೇಷ್ಟ್ರಿಗೆ ಅದು ತಮ್ಮ ಅಪ್ಪನ ದನಿಯಂತೆ ಕೇಳಿಸಿತು. ಸಿಸ್ಟರ್ ಎದ್ದಾಗಿತ್ತು. “ಬನ್ನಿ, ನೋಡುವ,” ಎಂದರು.

ಹೊಂಗೆಯ ಕೆಳಗೆ ಸಿಸ್ಟರ್ ನೆಲದ ಮೇಲೇ, ಕಡ್ಡಿ ರಾಶಿಗಳ ನಡುವೆ, ಯದುಗಿರಿಯ ಎದುರು ಕೂತರು. ಹೋದ ವರ್ಷದ ಕ್ಯಾಲೆಂಡರಿನಲ್ಲಿ ಅಚ್ಚಾದ ಇನ್ನೊಬ್ಬ ಹೆಂಗಸಿನ ಚಿತ್ರ ತೋರಿಸಿದರು, ಆಮೇಲೆ ಫೋನಿನಲ್ಲಿ ಯದುಗಿರಿಯದೇ ಚಿತ್ರ. “ಇದು ನೀವು. ನಿಮ್ಮ ಮುಖವನ್ನು ಹೀಗೆ ಪುಸ್ತಕಕ್ಕೆ ಹಾಕಬಹುದಾ? ತುಂಬ ಜನ ನೋಡುತ್ತಾರೆ.” ಇಷ್ಟು ಹೇಳಿ ಸುಮ್ಮನಾದರು. ಯದುಗಿರಿ ನಕ್ಕಳು. ಸಿಸ್ಟರ್ ಆ ನಗುವನ್ನು ಒಪ್ಪಿಗೆಯೆಂದು ಎತ್ತಿಕೊಳ್ಳಲಿಲ್ಲ, ಸುಮ್ಮನೇ ಕಾದರು. ಯದುಗಿರಿ ಅಣ್ಣನ ಕಡೆ ನೋಡಿ ತಲೆ ಆಡಿಸಿದಳು. ಅದೇ ತಲೆ, ಅದೇ ರೀತಿ, ಆಟೋದಲ್ಲಿ ಕಲಿಸಿದ್ದು. ಸಿಸ್ಟರ್ ಅದನ್ನೂ ಎತ್ತಿಕೊಳ್ಳಲಿಲ್ಲ. “ಅವಸರ ಇಲ್ಲ. ಕೇಳಿದ್ದು ಅಣ್ಣನನ್ನು ಅಲ್ಲ, ನಿಮ್ಮನ್ನು,” ಎಂದರು. ಮತ್ತೆ ಕಾದರು. ಮರದ ಮೇಲೆ ಕಾಗೆಯೊಂದು ಕೂಗಿ ಹಾರಿತು. ಒಬ್ಬ ಹೆಂಗಸು ಕಡ್ಡಿ ಕಟ್ಟಿ ಹಗ್ಗ ಬಿಗಿದು ಇನ್ನೊಂದಕ್ಕೆ ಕೈಹಾಕಿದಳು. ಆ ನೋಂದಣಿ ಕಚೇರಿಯಲ್ಲಿ ಎಲ್ಲ ಸೇರಿ ಎರಡು ನಿಮಿಷ ಹಿಡಿದಿರಲಿಲ್ಲ. ಕಾಯುವುದು ಇಷ್ಟು ದೊಡ್ಡ ಕೆಲಸವೆಂದು, ಅದೂ ಒಂದು ಪೂಜೆಯೆಂದು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಯದುಗಿರಿ ಬಲಗೈಯನ್ನು ಚಾಚಿ ಫೋನಿನ ಮೇಲಿದ್ದ ತನ್ನ ಮುಖವನ್ನು ಮುಚ್ಚಿದಳು.

“ಬೇಡ.”

“ಆಯ್ತು. ಹಾಕುವುದಿಲ್ಲ,” ಎಂದರು ಸಿಸ್ಟರ್. ಅವಳೆದುರೇ ಚಿತ್ರ ಅಳಿಸಿದರು. ಬೇಸರವಿಲ್ಲ, ಸಮಾಧಾನದ ಮಾತಿಲ್ಲ, ದೊಡ್ಡವರೊಬ್ಬರು ಹೇಳಿಕಳಿಸಿದ್ದನ್ನು ನಡೆಸಿಕೊಟ್ಟ ಹಾಗೆ. ಮುಖಪುಟಕ್ಕೆ ಬರೀ ಪೊರಕೆಕಡ್ಡಿ ಹಾಕಿದರಾಯಿತು ಎಂದುಕೊಂಡು ಎದ್ದರು.

ಹಕ್ಕಿನ ಪಾಠ ಹೇಳಿದವರು ತಾವು, ಒಪ್ಪಿಗೆ ಕೇಳಿದವರು ಅವರು. ಮೇಷ್ಟ್ರು ನಿಂತಲ್ಲೇ ನಿಂತಿದ್ದರು. ಏನಾದರೂ ಮಾತಾಡಬೇಕಲ್ಲ ಎಂದು ಶಿವಗಂಗಮ್ಮನ ಕಡೆ ತಿರುಗಿ, “ಇವಳ ಈ ಎಡಗೈ ನೋಡಿ, ಯಾವಾಗ್ಲೂ ಹೀಗೇ ಬಿಗಿ ಹಿಡ್ಕೊಂಡಿರ್ತಾಳೆ. ನರದ ಡಾಕ್ಟರಿಗೆ ತೋರಿಸ್ಬೇಕು,” ಎಂದರು.

ಶಿವಗಂಗಮ್ಮ ಆಶ್ಚರ್ಯದಿಂದ ನೋಡಿದಳು. “ಯಾವಾಗ್ಲೂ ಎಲ್ಲೈತೆ ಸಾರ್? ಆ ಕೈಯಾಗೇ ಅಲ್ವಾ ದಿನಾ ಕಡ್ಡಿ ಸೀಳೋದು, ಅನ್ನ ಕಲ್ಸೋವಾಗ್ಲೂ ಸುಮ್ನಿರಲ್ಲ ಅದು. ನೀವ್ ಬಂದಾಗ ಮಾತ್ರ ಹಿಂಗೆ. ಹೆಬ್ಬೆಟ್ಟು ಒಳೀಕ್ ಮಡ್ಚಿ ಬಚ್ಚಿಟ್ಕಂತಾರೆ. ನೀವ್ ಗೇಟ್ ದಾಟ್ದೇಟ್ಗೆ ಬಿಡ್ತಾರೆ. ಅದೇನ್ ಆಟ್ವೋ ಅಣ್ಣ ತಂಗೀದು ಅಂತ ನಾವೂ ನಗ್ತಿರ್ತೀವಿ.”

ಮೇಷ್ಟ್ರು ನೋಡಿದರು. ಆರು ವರ್ಷದಲ್ಲಿ ಮೊದಲ ಸಲ ಆ ಮುಷ್ಟಿಯನ್ನು ಬರೀ ಮುಷ್ಟಿಯೆಂದು ನೋಡದೆ ಒಳಗೇನಿದೆಯೆಂದು ನೋಡಿದರು. ನಾಲ್ಕು ಬೆರಳುಗಳ ಕೆಳಗೆ ಹೆಬ್ಬೆರಳು ಕಾಣದಂತೆ ಅಡಗಿತ್ತು. ಸಿಸ್ಟರ್ ಕೂತಿದ್ದ ಜಾಗದಲ್ಲೇ, ಕಡ್ಡಿಗಳ ನಡುವೆ, ಇಸ್ತ್ರಿ ಪಂಚೆಯ ಗೊಡವೆಯಿಲ್ಲದೆ ಕೂತುಬಿಟ್ಟರು. ಅಳು ಬರಲಿಲ್ಲ, ಬಂದಿದ್ದರೆ ಸುಲಭವಾಗುತ್ತಿತ್ತು. ಏನೂ ತಿಳಿಯುವುದಿಲ್ಲ ಎಂದು ತಾವು ಬರೆದುಕೊಟ್ಟ ಹೆಂಗಸು ಆರು ವರ್ಷದಿಂದ, ತಾವು ಬಂದಾಗಲೆಲ್ಲ, ನಗುತ್ತಲೇ ತನ್ನ ತಕರಾರನ್ನು ದಾಖಲು ಮಾಡುತ್ತಿದ್ದಳು. ಓದಲು ಬಾರದಿದ್ದದ್ದು ತಮಗೆ.

“ಸಿಸ್ಟರ್,” ಎಂದರು. ಸಿಸ್ಟರ್ ನಿಂತರು. ಮೇಷ್ಟ್ರು ನೆಲ ನೋಡುತ್ತ, ಹೆಂಗಸರೆಲ್ಲ ಕೇಳುವಂತೆಯೇ ಹೇಳಿದರು, ಬೇಲೂರಿನ ಮನೆ, ಆಟೋ, ಮೈಸೂರು ಪಾಕು, ಮಸಿ, ಎಲ್ಲ. “ಇವಳಿಗೆ ಎಲ್ಲಾ ಗೊತ್ತಾಗುತ್ತೆ ಅಂತ ಅಲ್ಲಿ ಹೇಳ್ದೆ. ಏನೂ ಗೊತ್ತಾಗಲ್ಲ ಅಂತ ಇಲ್ಲಿ ಬರ್ದೆ. ಎರಡೂ ಸುಳ್ಳು ಸಿಸ್ಟರ್.”

ಸಿಸ್ಟರ್ ಬಾಯಿಂದ ಕ್ಷಮೆಯ ಮಾತು ಬರಬಹುದೆಂದು ಮೇಷ್ಟ್ರು ಕಾದರು, ಅದು ಅವರ ಧರ್ಮವಲ್ಲವೇ. ಬರಲಿಲ್ಲ.

“ನನಗೆ ಹೇಳಿದಿರಿ, ಒಳ್ಳೆಯದು. ನೀವು ತಪ್ಪು ಮಾಡಿದ್ದು ನನಗಲ್ಲ,” ಎಂದರು. ಆಮೇಲೆ, “ಇದಕ್ಕೆ ನನ್ನ ಪುಸ್ತಕ ಸಾಕಾಗುವುದಿಲ್ಲ ಸರ್. ನಿಮ್ಮ ಹಕ್ಕಿನ ಪುಸ್ತಕ ಬೇಕು. ಬಾಗಿಲು ಬೇಡ ಅನ್ನದೆ ಇದ್ದದ್ದು ಅದಕ್ಕೇ.”

ಮೇಷ್ಟ್ರು ಯದುಗಿರಿಯ ಕಡೆ ತಿರುಗಿದರು. ತಮ್ಮ ಎರಡೂ ಅಂಗೈಗಳನ್ನು ಬಿಚ್ಚಿ, ಏನೂ ಇಲ್ಲ, ಮಸಿ ಇಲ್ಲ, ಕಾಗದ ಇಲ್ಲ ಎಂದು ತೋರಿಸುವಂತೆ ಹಿಡಿದರು. ಅವಳು ಆ ಅಂಗೈಗಳನ್ನು ನೋಡಿದಳು. ಮುಷ್ಟಿ ಸಡಿಲವಾಗಲಿಲ್ಲ. ಅವರಿಗೆ ತಾವು ಕೇಳಬೇಕಾದ ಪ್ರಶ್ನೆ ಗೊತ್ತಿತ್ತು, ಹೇಗೆ ಕೇಳಬೇಕೆಂಬುದೂ ಈಗತಾನೆ ಕಣ್ಣೆದುರೇ ತಿಳಿದಿತ್ತು. ಅಷ್ಟರಲ್ಲಿ ಫೋನು ಕುಣಿಯಿತು. ಮತ್ತೆ ಜಯದೇವಪ್ಪ.

“ಸಾರ್, ಸೋಮವಾರನೇ ಗಟ್ಟಿ ಮಾಡ್ಲಾ? ಸ್ಟಾಂಪ್ ಪೇಪರ್‍ರೂ ತಗಂಬಿಟ್ಟೀನಿ.”

“ಇಲ್ಲ ಜಯದೇವಪ್ಪನೋರೇ. ಆ ಮನೆ ನನ್ನೊಬ್ಬಂದಲ್ಲ. ಹಳೇ ಕಾಗದ ರದ್ದು ಮಾಡಿಸ್ಬೇಕು, ವಕೀಲ್ರು ಭೀಮರಾಜ್ ಹತ್ರ ಹೋಗ್ತಾ ಇದ್ದೀನಿ. ಅದಾದ್ಮೇಲೂ ನಾನು ಹೇಳೋಕಾಗಲ್ಲ. ನಮ್ಮ ತಂಗಿಯವರನ್ನ ಕೇಳ್ಬೇಕು.”

ಆ ಕಡೆಯಿಂದ ನಗು ಬಂತು. “ತಂಗಿಯೋರ್ನಾ? ಏನ್ ಸಾರ್ ನೀವು, ಅವ್ರಿಗೇನ್ ತಿಳೀತೈತೆ?”

“ಬೇಡ ಅನ್ನೋದು ತಿಳಿಯುತ್ತೆ,” ಎಂದು ಮೇಷ್ಟ್ರು ಫೋನು ಇಟ್ಟರು.

ಬ್ಯಾಗಿನಿಂದ ಅನುವಾದದ ಹಾಳೆ ತೆಗೆದು ಮೂರನೆಯ ಪುಟದ ಆ ಪದವನ್ನು ಹೊಡೆದುಹಾಕಿದರು. ಉಳಿದದ್ದು ಓದಿದರು: ಪ್ರತಿಯೊಬ್ಬ ಮನುಷ್ಯನಿಗೂ ಘನತೆಯುಂಟು. ಹೋಗಿಬಿಡುವ ಪದವೇ, ಆದರೆ ಇರಲಿ, ಇನ್ನೊಂದು ಸಿಗುವವರೆಗೆ. ಎದ್ದು ಪಂಚೆ ಕೊಡವಿಕೊಂಡರು. ಐದೂವರೆಯ ಬಸ್ಸಿಗೆ ಹೊತ್ತಾಗುತ್ತಿತ್ತು.

“ಹೋಗ್ಬರ್ತೀನಿ,” ಎಂದರು. ಮಾಮೂಲಾಗಿ ಅದರ ಜೊತೆಗೆ ಬರುವ ‘ಕಣೇ’ ಬಾಯಿಗೆ ಬರಲಿಲ್ಲ. ಗೇಟಿನ ಬಳಿ ತಿರುಗಿ ನೋಡಿದರು. ಹೊಂಗೆಯ ಕೆಳಗೆ ಯದುಗಿರಿಯವರು ನಗುತ್ತ ಎಡಗೈ ಎತ್ತಿ ಬೀಸುತ್ತಿದ್ದರು. ನಾಲ್ಕು ಬೆರಳು ಬಿಚ್ಚಿದ್ದವು. ಹೆಬ್ಬೆರಳು ಇನ್ನೂ ಒಳಗೇ ಇತ್ತು.